ನೆಟ್ಟಗೆ ನಡೆಯುವ ಬಾತುಕೋಳಿ

ಹೆಸರನ್ನು ನಂಬಿ ಮೋಸಹೋದವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ಒಂದು ಕಥೆಗೆ ನಾನೇ ನಾಯಕನಾದ ಪ್ರಸಂಗದಿಂದ ಈ ಮಾತನ್ನು ಆರಂಭಿಸುತ್ತೇನೆ.

1986ರ ಸುಮಾರು. ತುಂಗಭದ್ರಾ ನಾಲೆಯ ನೀರು ಹರಿಯುವ ಭತ್ತದ ನಾಡಿನ ಒಂದು ಊರಿನಲ್ಲಿ ನಾನು ಕನ್ನಡ ಅಧ್ಯಾಪಕನಾಗಿ ಸೇರಿದ ಹೊಸತು. ಕಾಲೇಜಿನ ಸಭೆಯೊಂದರಲ್ಲಿ ‘ಭಾರತ ಜಗತ್ತಿಗೆ ಕೊಟ್ಟದ್ದು’ ಎಂಬ ವಿಷಯವಾಗಿ ಮಾತನಾಡಬೇಕೆಂದು ಪ್ರಾಂಶುಪಾಲರ ಅಪ್ಪಣೆಯಾಯಿತು. ಸೊನ್ನೆ, ಚದುರಂಗ, ಹತ್ತಿಯ ಬಟ್ಟೆ, ಮೆಣಸು ಎಂದು ಪಟ್ಟಿ ಮಾಡಿಕೊಂಡೆ. ಇವನ್ನೆಲ್ಲ ಎಲ್ಲರೂ ಹೇಳುತ್ತಾರೆ, ಯಾರೂ ಹೇಳದ ಒಂದನ್ನು ಹೇಳಬೇಕೆಂಬ ಹುಮ್ಮಸ್ಸು. ಗ್ರಂಥಾಲಯದಲ್ಲಿ ಇಂಗ್ಲಿಷ್ ವಿಶ್ವಕೋಶವೊಂದನ್ನು ತಿರುವುತ್ತಿದ್ದಾಗ ಒಂದು ವಿಚಿತ್ರವಾದ ಚಿತ್ರ ಕಣ್ಣಿಗೆ ಬಿತ್ತು. ಕೊಕ್ಕು ಬಾತುಕೋಳಿಯದು, ಪಾದವೂ ಬಾತುಕೋಳಿಯದೇ. ಆದರೆ ನಿಲುವು ಮಾತ್ರ ಸಿಪಾಯಿಯದು! ಉದ್ದನೆಯ ಸೀಸೆಗೆ ಎರಡು ಕಾಲು ಮೂಡಿ ಎದ್ದು ನಿಂತ ಹಾಗೆ. ಚಿತ್ರದ ಕೆಳಗೆ ‘ಇಂಡಿಯನ್ ರನ್ನರ್’ ಎಂಬ ಹೆಸರು. ಅಷ್ಟು ಸಾಕಾಯಿತು. ಹೆಸರಿನಲ್ಲೇ ಇಂಡಿಯಾ ಇರುವಾಗ ಇನ್ನು ಯಾವ ಪ್ರಮಾಣ ಬೇಕು? ಓಡುವ ಬಾತುಕೋಳಿಯನ್ನೂ ಜಗತ್ತಿಗೆ ಕೊಟ್ಟವರು ನಾವೇ ಎಂದು ವೇದಿಕೆಯ ಮೇಲೆ ಸಾರಿದೆ. ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು ಎದ್ದು ನಿಂತರು. ಮಗನನ್ನು ಕಾಲೇಜಿಗೆ ಸೇರಿಸಿದ್ದವರು, ಸಭೆಗೆಂದು ಬಂದಿದ್ದರು. “ಸರ, ಆ ಬಾತು ನಮ್ಮ ದೇಶದ್ದು ಅಂದ್ರಿ. ಯಾವ ಊರಿಂದ್ರೀ ಅದು?” ಎಂದು ಕೇಳಿದರು. ನಾನು ತಡವರಿಸಿದೆ. “ನಮ್ಮ ಗದ್ದಿಗೆ ವರ್ಷಾ ಬಾತು ಬರ್ತಾವ್ರೀ, ಸಾವಿರಗಟ್ಟಲೆ. ಒಂದಾದ್ರೂ ಹಿಂಗ ನೆಟ್ಟಗ ನಿಂತು ನಡದದ್ದು ನಾ ನೋಡಿಲ್ರೀ” ಎಂದು ಹೇಳಿ, ಬೇರೆ ಏನನ್ನೂ ಕೇಳದೆ ಕುಳಿತುಕೊಂಡರು. ಸಭೆಯಲ್ಲಿ ಯಾರೋ ನಕ್ಕರು. ಸಂಶೋಧನೆ ನಡೆಯುತ್ತಿದೆ ಎಂದೇನೋ ಹೇಳಿ ನಾನು ಮಾತು ಮುಗಿಸಿದೆ. ನಡೆಯುತ್ತಿದ್ದ ಸಂಶೋಧನೆ ಯಾವುದೂ ಇರಲಿಲ್ಲ. ಭಾಷಣವಂತೂ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು, ಬಾತುಕೋಳಿಯ ಸಮೇತವಾಗಿ.

ಆ ಹಿರಿಯರು ನನ್ನನ್ನು ಹಂಗಿಸಲಿಲ್ಲ. ಸುಗ್ಗಿ ಮುಗಿದ ಮೇಲೆ ಮಗನ ಕೈಯಲ್ಲಿ ಹೇಳಿಕಳಿಸಿ ತಮ್ಮ ಗದ್ದೆಗೇ ಕರೆಸಿಕೊಂಡರು. ಕೊಯ್ಲಾದ ಗದ್ದೆಯ ಕೂಳೆಯ ನಡುವೆ ಬಾತುಕೋಳಿಗಳ ದೊಡ್ಡ ಹಿಂಡು. ಉದುರಿದ ಭತ್ತ, ಬಸವನಹುಳು, ಕೆಸರಿನ ಹುಳಹುಪ್ಪಟೆಗಳನ್ನು ಹೆಕ್ಕುತ್ತ ಸಾಗಿದ್ದವು. ಕಾಯುವವರು ತೆಲುಗು ಮಾತನಾಡುವ ಜನ, ಕೊಯ್ಲಿನ ಹಿಂದೆಯೇ ಊರಿಂದೂರಿಗೆ ನಡೆಯುವವರು. ಹಿಂಡಿನ ಬಾಲದಲ್ಲಿ ಏದುಸಿರು ಬಿಡುತ್ತ ಬರುತ್ತಿದ್ದ ಒಂದೆರಡನ್ನು ತೋರಿಸಿ, ಇವುಗಳ ಗತಿಯೇನೆಂದು ಕೇಳಿದೆ. ನಡೆಯಲಾರದ್ದು ಸಂತೆಗೆ ಮೊದಲು ಹೋಗುತ್ತದೆ ಎಂದು ಕಾಯುವಾತ ಹೇಳಿದ. ಆ ಮಾತಿನ ಬೆಲೆ ನನಗೆ ಅಂದು ತಿಳಿಯಲಿಲ್ಲ. ಬಹಳ ವರುಷಗಳ ಮೇಲೆ, ಈ ಹಕ್ಕಿಯ ಚರಿತ್ರೆಯನ್ನು ನಿಜವಾಗಿಯೂ ಓದಿದಾಗ ತಿಳಿಯಿತು.

ನಮ್ಮ ಸಾಹಿತ್ಯ ಬಾತುಕೋಳಿಯನ್ನು ಅಷ್ಟಾಗಿ ಲಕ್ಷಿಸಿಲ್ಲ. ಹಂಸೆಗೆ, ಕನ್ನಡದ ಅಂಚೆಗೆ, ಇರುವ ಮರ್ಯಾದೆ ಅದಕ್ಕಿಲ್ಲ. ನಾಯಿಕೆಯ ನಡಿಗೆಯನ್ನು ವರ್ಣಿಸುವಾಗ ಕವಿಗಳು ಹಂಸಗಮನೆ ಎಂದರೇ ಹೊರತು ಬಾತುಗಮನೆ ಎನ್ನಲಿಲ್ಲ. ಎಂದಿದ್ದರೆ ನಾಯಿಕೆ ಕ್ಷಮಿಸುತ್ತಿರಲಿಲ್ಲ. ವಿನೋದವೆಂದರೆ, ವಿರಹದ ವರ್ಣನೆಗಳಲ್ಲಿ ರಾತ್ರಿಯೆಲ್ಲ ಅಗಲಿ ಕೊರಗುವ ಜಕ್ಕವಕ್ಕಿ, ಸಂಸ್ಕೃತದ ಚಕ್ರವಾಕ, ಬಾತಿನ ಬಳಗಕ್ಕೇ ಸೇರಿದ ಹಕ್ಕಿ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರುವ ಕಾವಿಬಣ್ಣದ ಹಕ್ಕಿಯೇ ಅದು. ಕಾಡಿನ ಬಂಧುವಿಗೆ ಕಾವ್ಯದಲ್ಲಿ ಪೀಠ ದೊರೆಯಿತು. ಮನೆಯ ಬಾತಿಗೆ ಕೊಚ್ಚೆಯ ನೀರೇ ಗತಿಯಾಯಿತು. ಅದಕ್ಕೆ ಅದರ ನಡಿಗೆಯೂ ಒಂದು ಕಾರಣವಿರಬೇಕು. ಮೈ ನೆಲಕ್ಕೆ ಸಮನಾಗಿ ಚಾಚಿದೆ, ಕಾಲು ಕುಳ್ಳು. ಹೆಜ್ಜೆಯಿಟ್ಟಾಗಲೆಲ್ಲ ದೇಹ ಆ ಮಗ್ಗುಲಿಗೆ ಈ ಮಗ್ಗುಲಿಗೆ ತೂಗುತ್ತದೆ.

ನಾನು ಹೇಳಹೊರಟಿರುವ ಹಕ್ಕಿ ಹೀಗೆ ತೂಗಾಡುವುದಿಲ್ಲ. ಅದರ ಕಾಲುಗಳು ದೇಹದ ತೀರ ಹಿಂಭಾಗದಲ್ಲಿವೆ. ಆದ್ದರಿಂದ ಮೈಯನ್ನು ಎತ್ತಿ ನಿಲ್ಲಿಸದೆ ಅದಕ್ಕೆ ಗತ್ಯಂತರವಿಲ್ಲ. ಸುಮ್ಮನೆ ಅಡ್ಡಾಡುವಾಗ ಓರೆಯಾಗಿ ನಿಂತಿರುತ್ತದೆ. ಬೆದರಿದಾಗ ಇಲ್ಲವೆ ಕುತೂಹಲಗೊಂಡಾಗ ಕಂಬದಂತೆ ನೆಟ್ಟಗಾಗುತ್ತದೆ. ಹೆಗಲೆಂಬುದು ಇಲ್ಲವೇ ಇಲ್ಲ ಎನ್ನುವಷ್ಟು ಇಳಿಜಾರು. ತೆಳ್ಳನೆಯ ಕತ್ತು, ನೀಳವಾದ ತಲೆ. ನೆತ್ತಿಯಿಂದ ಬಾಲದ ತುದಿಯವರೆಗೆ ಅಳೆದರೆ ಚಿಕ್ಕ ಹೆಣ್ಣು ಸುಮಾರು 50 ಸೆಂಟಿಮೀಟರು, ದೊಡ್ಡ ಗಂಡು 75ರ ಆಸುಪಾಸು. ತೂಕವೋ ಒಂದೂವರೆಯಿಂದ ಎರಡು ಕಿಲೋ ಮಾತ್ರ. ಹತ್ತಿಪ್ಪತ್ತು ಒಟ್ಟಾಗಿ ಹೊರಟರೆ ಒಂದೇ ಗುಂಪಾಗಿ ದಡದಡನೆ ಓಡುತ್ತವೆ. ಮುಂದಿನದು ತಿರುಗಿದತ್ತ ಎಲ್ಲವೂ ತಿರುಗುತ್ತವೆ. ಹಾರಲಾರವು. ಕಾವಿಗೆ ಕೂರುವುದು ಅಪರೂಪ. ಮೊಟ್ಟೆಯನ್ನು ನಿಂತಲ್ಲಿ, ನಡೆದಲ್ಲಿ ಇಟ್ಟು ಮುಂದೆ ಹೋಗಿಬಿಡುವುದೂ ಉಂಟು. ಆದರೆ ವರುಷಕ್ಕೆ ನೂರೈವತ್ತು, ಇನ್ನೂರು ಮೊಟ್ಟೆ ಇಡುವುದು ಅದಕ್ಕೆ ಸಹಜ.

ಇನ್ನು ಹೆಸರಿನ ವಿಚಾರ. ‘ಇಂಡಿಯಾ’ ಎಂಬ ಪದ ಯುರೋಪಿನ ನಾವಿಕರ ಬಾಯಲ್ಲಿ ಒಂದು ದೇಶದ ಹೆಸರಾಗಿ ಉಳಿದಿರಲಿಲ್ಲ. ಪೂರ್ವದ ಕಡಲಿನಿಂದ ಬಂದದ್ದೆಲ್ಲ, ಕೆಲವೊಮ್ಮೆ ಪಶ್ಚಿಮದ ಕಡಲಿನಿಂದ ಬಂದದ್ದೂ, ಅವರಿಗೆ ಇಂಡಿಯಾದ್ದೇ. ಟರ್ಕಿ ಕೋಳಿಯನ್ನು ನೋಡಿ. ಹುಟ್ಟಿದ್ದು ಅಮೆರಿಕದಲ್ಲಿ. ಇಂಗ್ಲಿಷರು ಅದನ್ನು ಟರ್ಕಿಯದೆಂದರು. ಫ್ರೆಂಚರು ಇಂಡಿಯಾದ್ದೆಂಬ ಅರ್ಥದ ಹೆಸರಿಟ್ಟರು. ಡಚ್ಚರು ನಮ್ಮ ಕಲ್ಲಿಕೋಟೆಯ ಹೆಸರನ್ನೇ ಹಿಡಿದು ‘ಕಲ್ಕೂನ್’ ಎಂದರು. ತುರ್ಕರಂತೂ ಅದನ್ನು ‘ಹಿಂದಿ’ ಎಂದೇ ಕರೆಯುತ್ತಾರೆ. ಮಸ್ಕೋವಿ ಬಾತು ಎಂಬುದೊಂದಿದೆ. ಅದಕ್ಕೂ ಮಾಸ್ಕೋ ನಗರಕ್ಕೂ ಸಂಬಂಧವಿಲ್ಲ, ಅದು ದಕ್ಷಿಣ ಅಮೆರಿಕದ್ದು.

ಪರರನ್ನು ನಗುವ ಮೊದಲು ನಮ್ಮ ಮನೆಯ ಕಡೆಗೂ ನೋಡಿಕೊಳ್ಳಬೇಕು. ‘ಸೀಮೆ’ ಎಂದರೆ ಎಲ್ಲೆ, ಒಂದು ನಾಡಿನ ಭಾಗ. ಆ ಪದವೇ ಹಡಗು ಹತ್ತಿ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆಗಳಲ್ಲಿ ಪರದೇಶವೆಂಬ ಅರ್ಥವನ್ನು ಪಡೆಯಿತು. ಯಾವ ಸೀಮೆ ಎಂದು ನಾವು ಕೇಳಲಿಲ್ಲ. ಪರಂಗಿ ಹಣ್ಣು ತಂದವನು ಫರಂಗಿಯವನು ಎಂಬಷ್ಟಕ್ಕೇ ನಮಗೆ ತೃಪ್ತಿ. ಹೆಸರು ಅನೇಕ ವೇಳೆ ತಂದವನ ದಾರಿಯನ್ನು ಹೇಳುತ್ತದೆ, ಬೆಳೆಸಿದವನ ಊರನ್ನು ಮರೆಸುತ್ತದೆ. ನಾನು ವೇದಿಕೆಯ ಮೇಲೆ ಎಡವಿದ್ದು ಈ ಸ್ಥಳದಲ್ಲಿಯೇ.

ಹಾಗಾದರೆ ಈ ಹಕ್ಕಿ ಎಲ್ಲಿಯದು? ಉತ್ತರ ಹುಡುಕುವವರು 1856ಕ್ಕೆ ಹೋಗಬೇಕು. ಆ ವರುಷದ ಜೂನ್ ತಿಂಗಳಲ್ಲಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಎಂಬ ಇಂಗ್ಲಿಷ್ ನಿಸರ್ಗ ವಿಜ್ಞಾನಿ ಬಾಲಿಯಿಂದ ಕಡಲ್ಗಾಲುವೆಯನ್ನು ದಾಟಿ ಲೊಂಬೊಕ್ ದ್ವೀಪಕ್ಕೆ ಬಂದಿಳಿದನು. ಬಡತನದ ಮನುಷ್ಯ, ಹಕ್ಕಿ, ಚಿಟ್ಟೆ, ದುಂಬಿಗಳನ್ನು ಸಂಗ್ರಹಿಸಿ ಲಂಡನ್ನಿಗೆ ಕಳಿಸಿ, ಅದರ ಮಾರಾಟದಿಂದ ಜೀವನ ಸಾಗಿಸುತ್ತಿದ್ದವನು. ಲೊಂಬೊಕ್ ಆಗ ಬಾಲಿಯ ರಾಜರ ಆಳ್ವಿಕೆಯಲ್ಲಿತ್ತು. ನೀರಾವರಿಯ ಸಮೃದ್ಧ ಭತ್ತದ ನಾಡು. ಅಂಪೆನಾನ್ ಎಂಬ ರೇವಿನಿಂದ ಅಕ್ಕಿ ಹಡಗುಗಳಲ್ಲಿ ಹೊರಗೆ ಹೋಗುತ್ತಿತ್ತು. ಅಲ್ಲಿ ವಾಲೇಸನು ಕಂಡದ್ದು ಪೆಂಗ್ವಿನ್ನುಗಳಂತೆ ನೆಟ್ಟಗೆ ನಡೆಯುವ ಸಾಕು ಬಾತುಗಳನ್ನು. ಬೂದಿ ಬೆರೆತ ಮಾಸಲು ಕೆಂಪು ಬಣ್ಣ, ದೊಡ್ಡ ದೊಡ್ಡ ಹಿಂಡುಗಳು, ಬಹಳ ಅಗ್ಗ. ಅಕ್ಕಿ ಹಡಗುಗಳ ನಾವಿಕರು ಅವನ್ನು ಆಹಾರಕ್ಕಾಗಿ ಕೊಳ್ಳುತ್ತಿದ್ದರು. ಅವುಗಳ ನಡಿಗೆಯ ಠೀವಿಯನ್ನು ಕಂಡು ‘ಬಾಲಿಯ ಸಿಪಾಯಿಗಳು’ ಎಂಬ ಹೆಸರನ್ನೂ ಕೊಟ್ಟಿದ್ದರು. 1869ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥ ‘ಮಲಯ ದ್ವೀಪಸ್ತೋಮ’ದಲ್ಲಿ ವಾಲೇಸನು ಇದನ್ನೆಲ್ಲ ಬರೆದಿದ್ದಾನೆ.

ಬಾಲಿ ಮತ್ತು ಲೊಂಬೊಕ್‌ಗಳ ನಡುವಿನ ಆ ಕಿರಿದಾದ ಕಡಲ್ಗಾಲುವೆ ವಿಜ್ಞಾನದ ಚರಿತ್ರೆಯಲ್ಲಿ ಹೆಸರಾಂತದ್ದು. ಪಶ್ಚಿಮಕ್ಕೆ ಏಷ್ಯದ ಹಕ್ಕಿಗಳು, ಪೂರ್ವಕ್ಕೆ ಆಸ್ಟ್ರೇಲಿಯದ ಬಳಗದ ಹಕ್ಕಿಗಳು ಮೊದಲಾಗುತ್ತವೆಂದು ವಾಲೇಸನು ಅಲ್ಲಿ ಗಮನಿಸಿದನು. ಮುಂದೆ ಅದು ವಾಲೇಸ್ ರೇಖೆ ಎಂದು ಪ್ರಸಿದ್ಧವಾಯಿತು. ಕಾಡಿನ ಹಕ್ಕಿಗಳು ಹಾರಿ ದಾಟದ ಆ ಗೆರೆಯನ್ನು ಹಾರಲಾರದ ಬಾತುಕೋಳಿ ಮನುಷ್ಯನ ದೋಣಿಯಲ್ಲಿ ಕುಳಿತು ದಾಟಿತ್ತು.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅದೇ 1856ರ ಆಗಸ್ಟ್ ತಿಂಗಳಲ್ಲಿ ವಾಲೇಸನು ಲಂಡನ್ನಿನ ತನ್ನ ಪ್ರತಿನಿಧಿ ಸ್ಯಾಮ್ಯುಯೆಲ್ ಸ್ಟೀವನ್ಸನಿಗೆ ಒಂದು ಕಾಗದ ಬರೆದನು. ಕಳಿಸಿದ ಪೆಟ್ಟಿಗೆಯಲ್ಲಿರುವ ಸಾಕು ಬಾತಿನ ತಳಿ ಡಾರ್ವಿನ್ನರಿಗೆ ಸೇರಬೇಕೆಂದು ಅದರಲ್ಲಿ ತಿಳಿಸಿದನು. ಚಾರ್ಲ್ಸ್ ಡಾರ್ವಿನ್ನನು ಆ ದಿನಗಳಲ್ಲಿ ಲೋಕದ ಮೂಲೆಮೂಲೆಗಳ ಪರಿಚಿತರಿಗೆ ಬರೆದು ಸಾಕು ಪಾರಿವಾಳ, ಕೋಳಿ, ಬಾತುಗಳ ಚರ್ಮಗಳನ್ನು ತರಿಸಿಕೊಳ್ಳುತ್ತಿದ್ದನು. ಎರಡು ವರುಷಗಳ ತರುವಾಯ, 1858ರ ಜುಲೈ 1ರಂದು, ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ನಿಸರ್ಗದ ಆಯ್ಕೆಯನ್ನು ಕುರಿತ ಈ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು. ಜೀವವಿಕಾಸದ ಮಹಾವಾದಕ್ಕೆ ಜಂಟಿ ಕರ್ತೃಗಳಾದ ಈ ಇಬ್ಬರ ನಡುವೆ ಅದಕ್ಕೂ ಮೊದಲು ಓಡಾಡಿದ ವಸ್ತುಗಳಲ್ಲಿ ಲೊಂಬೊಕ್‌ನ ಬಾತುಕೋಳಿಯೂ ಒಂದು.

1868ರಲ್ಲಿ ಸಾಕು ಪ್ರಾಣಿಗಳನ್ನೂ ಸಸ್ಯಗಳನ್ನೂ ಕುರಿತು ಡಾರ್ವಿನ್ನನು ಪ್ರಕಟಿಸಿದ ಹಿರಿಯ ಗ್ರಂಥದಲ್ಲಿ ‘ಪೆಂಗ್ವಿನ್ ಬಾತು’ ಎಂಬ ಹೆಸರಿನಲ್ಲಿ ಇದಕ್ಕೊಂದು ಸ್ಥಾನ ದೊರೆತಿದೆ. ಬಾತಿನ ತಳಿಗಳಲ್ಲೆಲ್ಲ ಅತ್ಯಂತ ಗಮನಾರ್ಹವಾದದ್ದು ಇದೇ ಎಂದೂ ಮಲಯ ದ್ವೀಪಗಳಲ್ಲಿ ಹುಟ್ಟಿರುವಂತೆ ತೋರುತ್ತದೆಂದೂ ಆತ ಹೇಳುತ್ತಾನೆ. ಇದರ ತೊಡೆಯ ಮತ್ತು ಕಣಕಾಲಿನ ಎಲುಬುಗಳು ನೀಳವಾಗಿರುವುದನ್ನು ಅಳೆದು ತೋರಿಸಿದ್ದಾನೆ. ಇಷ್ಟು ಭಿನ್ನವಾದ ರೂಪದ ಹಕ್ಕಿ ಬೇರೆಯೇ ಜಾತಿಯದಿರಬಹುದೆ ಎಂಬ ಸಂಶಯ ಯಾರಿಗಾದರೂ ಬರಬೇಕು. ಆದರೆ ಗಂಡುಬಾತಿನ ಬಾಲದ ನಡುವೆ ಮೇಲಕ್ಕೆ ಸುರುಳಿಗೊಂಡ ನಾಲ್ಕು ಗರಿಗಳಿರುತ್ತವೆ. ಹಸುರು ಮಿರುಗುವ ತಲೆಯ ಕಾಡುಬಾತಿಗೆ, ಇಂಗ್ಲಿಷಿನ ಮಲಾರ್ಡಿಗೆ, ಇರುವ ಗುರುತು ಇದು. ಮಸ್ಕೋವಿಯೊಂದನ್ನು ಬಿಟ್ಟರೆ ಲೋಕದ ಸಾಕು ಬಾತುಗಳೆಲ್ಲ ಆ ಕಾಡುಬಾತಿನ ಸಂತಾನವೇ. ನೆಟ್ಟಗೆ ನಿಂತ ನಮ್ಮ ಸಿಪಾಯಿಯೂ ಆ ಮನೆತನದವನೇ.

ಅಡ್ಡನಾಗಿದ್ದ ಹಕ್ಕಿಯನ್ನು ಎತ್ತಿ ನಿಲ್ಲಿಸಿದವರು ಯಾರು? ಗದ್ದೆಯಲ್ಲಿ ಆ ಕಾಯುವಾತ ಹೇಳಿದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಜಾವಾ, ಬಾಲಿ, ಲೊಂಬೊಕ್‌ಗಳಲ್ಲಿಯೂ ಬಾತನ್ನು ಸಾಕುವ ರೀತಿ ಕೊಯ್ಲಿನ ಹಿಂದೆ ನಡೆಯುವ ರೀತಿಯೇ. ಬೆಳಗ್ಗೆ ಮೊಟ್ಟೆ ಆಯ್ದುಕೊಂಡು ಹಿಂಡನ್ನು ಹೊರಡಿಸುತ್ತಾರೆ. ಕಾಯುವವನ ಕೈಯಲ್ಲಿ ಉದ್ದನೆಯ ಬಿದಿರುಗೋಲು, ಅದರ ತುದಿಗೆ ಗರಿಯ ಕುಚ್ಚೋ ಬಟ್ಟೆಯ ಚೂರೋ ಕಟ್ಟಿರುತ್ತದೆ. ಅದನ್ನು ಗದ್ದೆಯಲ್ಲಿ ನೆಟ್ಟು ಹೋದರೆ ಬಾತುಗಳು ಅದರ ಸುತ್ತಲೇ ಮೇಯುತ್ತಿರುತ್ತವೆ, ಸಂಜೆ ಅದರ ಹಿಂದೆಯೇ ಮನೆಗೆ ಬರುತ್ತವೆ. ಮರಿ ಮಾಡಿಸಲು ಕೋಳಿಯ ಕಾವು, ಇಲ್ಲವೆ ಬೆಚ್ಚಗೆ ಮಾಡಿದ ಭತ್ತದ ಹೊಟ್ಟು. ಹೀಗಾಗಿ ಕಾವು ಕೂರುವ ಬುದ್ಧಿಯನ್ನು ಹಕ್ಕಿ ಮರೆತರೂ ನಷ್ಟವಿಲ್ಲ, ಮೊಟ್ಟೆ ಹೆಚ್ಚಿತು. ಇಂಥ ಬಾಳಿನಲ್ಲಿ ದಿನವೂ ಗಾವುದ ನಡೆಯಬಲ್ಲದ್ದು ಉಳಿದು ಸಂತಾನ ಬೆಳೆಸುತ್ತದೆ. ಹಿಂದೆ ಬಿದ್ದದ್ದು ಸಂತೆಗೋ ಒಲೆಗೋ ಹೋಗುತ್ತದೆ. ಇದು ತಲೆಮಾರುಗಟ್ಟಲೆ ನಡೆದರೆ ನಡಿಗೆಯೇ ಹಕ್ಕಿಯ ರೂಪವನ್ನು ತಿದ್ದುತ್ತದೆಂದು ಊಹಿಸುವುದು ಕಷ್ಟವಲ್ಲ. ಸಾಕು ಬಾತುಗಳ ರೆಕ್ಕೆಯ ಎಲುಬು ಹಗುರಾಗಿ ಕಾಲಿನ ಎಲುಬು ಭಾರವಾದದ್ದಕ್ಕೆ ಅವು ಹಾರುವುದನ್ನು ಬಿಟ್ಟು ನಡೆದದ್ದೇ ಕಾರಣವೆಂದು ಡಾರ್ವಿನ್ನನು 1859ರಲ್ಲಿ ಬರೆದನು. ಬಳಕೆಯಿಂದ ಬಂದ ಗುಣ ಮರಿಗೆ ಇಳಿಯುವುದಿಲ್ಲವೆಂದು ಇಂದು ನಾವು ಬಲ್ಲೆವು. ಇಳಿಯುವುದು ಆಯ್ಕೆಯ ಫಲ. ಆಯ್ದ ಕೈ ಆ ಕಾಯುವವರದು.

ಇಂಗ್ಲೆಂಡಿಗೆ ಇದು ಹೋದ ಬಗೆಗೆ ಒಂದು ಐತಿಹ್ಯವಿದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಜಾನ್ ಡೊನಾಲ್ಡ್ ಎಂಬಾತ ಬರೆದ ಕಿರುಹೊತ್ತಗೆಯೊಂದರಿಂದ ಅದು ಪ್ರಚಾರಕ್ಕೆ ಬಂದಿತು. ಅದಕ್ಕೆ ಸುಮಾರು ಐವತ್ತು ವರುಷಗಳ ಹಿಂದೆ ಹಡಗಿನ ಕಪ್ತಾನನೊಬ್ಬ ಈ ಬಾತುಗಳನ್ನು ‘ಇಂಡಿಯಾ’ದಿಂದ ಕಂಬರ್‌ಲೆಂಡಿನ ವೈಟ್‌ಹೇವನ್ ರೇವಿಗೆ ತಂದು ಪರಿಚಿತ ರೈತರಿಗೆ ಕೊಟ್ಟನಂತೆ. ಪೂರ್ವ ದ್ವೀಪಗಳಿಂದ ಬರುವ ಹಡಗಿಗೂ ಮದರಾಸಿನಿಂದ ಬರುವ ಹಡಗಿಗೂ ಆ ರೈತರ ಕಣ್ಣಿನಲ್ಲಿ ಭೇದವಿರಲಿಲ್ಲ. ತಂದವನು ಇಂಡಿಯಾ ಎಂದ, ಓಡುವುದನ್ನು ಇವರು ಕಂಡರು, ‘ಇಂಡಿಯನ್ ರನ್ನರ್’ ಎಂಬ ಹೆಸರು ನಿಂತಿತು. 1898ರಲ್ಲಿ ಅಮೆರಿಕದ ಕೋಳಿಸಾಕಣೆಯ ಮಾನಕ ಗ್ರಂಥವೂ ಈ ತಳಿಯನ್ನು ಅಂಗೀಕರಿಸಿತು. ಅಷ್ಟರಲ್ಲಿ ಊರಿನ ಬಾತುಗಳೊಡನೆ ಬೆರೆತು ಹಕ್ಕಿಯ ಬೆನ್ನು ಬಾಗಲು ತೊಡಗಿತ್ತು. 1908-09ರ ಸುಮಾರಿಗೆ ಜೋಸೆಫ್ ವಾಲ್ಟನ್ ಎಂಬ ತಳಿಗಾರನು ಜಾವಾ, ಲೊಂಬೊಕ್‌ಗಳಿಂದ ಹೊಸ ಹಕ್ಕಿಗಳನ್ನು ತರಿಸಿ ಅದರ ನಿಲುವನ್ನು ಮತ್ತೆ ನೆಟ್ಟಗೆ ಮಾಡಿದನು. ಮೂಲ ಎಲ್ಲಿದೆಯೆಂಬುದು ಅವನಿಗೆ ಗೊತ್ತಿತ್ತು. ಹೆಸರನ್ನು ಮಾತ್ರ ಯಾರೂ ತಿದ್ದಲಿಲ್ಲ.

ಈ ಹೆಸರುಗಳ ಆಟ ಇಲ್ಲಿಗೇ ಮುಗಿಯಲಿಲ್ಲ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನ ಯೂಲಿ ಎಂಬ ಹಳ್ಳಿಯಲ್ಲಿ ಅಡೆಲ್ ಕ್ಯಾಂಬೆಲ್ ಎಂಬ ಗೃಹಿಣಿಯ ಬಳಿ ಒಂದು ರನ್ನರ್ ಹೆಣ್ಣುಬಾತಿತ್ತು. ನೋಡಲು ಸಾಧಾರಣ, ಆದರೆ 196 ದಿನಗಳಲ್ಲಿ 182 ಮೊಟ್ಟೆ ಇಟ್ಟಿತು. ಮೊಟ್ಟೆಯ ಜೊತೆಗೆ ಮಾಂಸವೂ ಇರಲೆಂದು ಆಕೆ ಅದನ್ನು ರೂಆನ್ ಎಂಬ ದಪ್ಪ ತಳಿಯೊಂದಿಗೂ ಆ ಮೇಲೆ ಕಾಡುಬಾತಿನೊಂದಿಗೂ ಕೂಡಿಸಿದಳು. 1898ರ ಹೊತ್ತಿಗೆ ಹೊಸ ತಳಿ ಹೊರಬಂದಿತು. ಸೈನಿಕರ ಸಮವಸ್ತ್ರದ ಬಣ್ಣವನ್ನು ನೆನೆದು ಅದಕ್ಕೆ ಖಾಕಿ ಕ್ಯಾಂಬೆಲ್ ಎಂದು ಹೆಸರಾಯಿತು. ಖಾಕಿ ಎಂದರೆ ಮಣ್ಣಿನ ಬಣ್ಣದ್ದು. ಪಾರಸಿ ಮೂಲದ ಪದ, ಇಂಗ್ಲಿಷಿಗೆ ಹೋದದ್ದು ನಮ್ಮ ದೇಶದ ದಂಡಿನ ಪಾಳೆಯಗಳಿಂದ. ಇಂಡಿಯಾದ ಹೆಸರು ಹೊತ್ತ ಹಕ್ಕಿ ಇಂಡಿಯಾದ್ದಲ್ಲ, ಇಂಗ್ಲೆಂಡಿನಲ್ಲಿ ಹುಟ್ಟಿದ ಹಕ್ಕಿಗೆ ಇಂಡಿಯಾದ ದಂಡಿನ ಮಾತು ಹೆಸರಾಯಿತು! ಮುಂದೆ ಈ ಖಾಕಿ ಕ್ಯಾಂಬೆಲ್ ಭಾರತಕ್ಕೂ ಬಂದಿತು. ಬೆಂಗಳೂರಿನ ಹೆಸರಘಟ್ಟದಲ್ಲಿದ್ದ ಕೇಂದ್ರ ಸರಕಾರದ ಬಾತು ಸಾಕಣೆ ಕೇಂದ್ರದಲ್ಲಿ ಅದನ್ನು ಬೆಳೆಸಿದರು. ಲೊಂಬೊಕ್‌ನ ಗದ್ದೆಯ ಒಂದು ತೊಟ್ಟು ರಕ್ತ ಇಂಗ್ಲೆಂಡನ್ನು ಸುತ್ತಿ ಹೀಗೆ ನಮ್ಮ ನಾಡಿಗೂ ತಲುಪಿದೆ. ನನ್ನ ಹಳೆಯ ಭಾಷಣದಲ್ಲಿ ನಿಜವಿದ್ದರೆ ಇಷ್ಟು ಮಾತ್ರ. ಕೊಟ್ಟವರು ನಾವಲ್ಲ, ಪಡೆದವರು.

ಪ್ರದರ್ಶನಗಳಲ್ಲಿ ಬಿಳಿ, ಕಪ್ಪು, ಕಂದು ಎಂದು ಹಲವು ಬಣ್ಣಗಳ ರನ್ನರ್‌ಗಳನ್ನು ನಿಲ್ಲಿಸಿ ಬೆನ್ನಿನ ನೇರವನ್ನು ನೋಡಿ ಬಹುಮಾನ ಕೊಡುತ್ತಾರೆ. ದಕ್ಷಿಣ ಆಫ್ರಿಕದ ಸ್ಟೆಲೆನ್‌ಬಾಷ್ ಸಮೀಪದ ದ್ರಾಕ್ಷಿಯ ತೋಟವೊಂದರಲ್ಲಿ ಬಸವನಹುಳುವನ್ನು ತಿನ್ನಿಸಲು ಇವುಗಳ ದೊಡ್ಡ ಹಿಂಡನ್ನೇ ಸಾಕಿದ್ದಾರೆ. ಅವು ಸಾಲುಗಟ್ಟಿ ಹೊರಡುವುದನ್ನು ನೋಡಲು ಪ್ರವಾಸಿಗರು ಸೇರುತ್ತಾರೆ. ಹುಟ್ಟಿದ ನಾಡಿನ ಗದ್ದೆಗಳಲ್ಲಿಯಾದರೋ 1960ರ ದಶಕದ ಕೊನೆಯಿಂದ ಹೊಸ ಭತ್ತದ ತಳಿಗಳೂ ಕೀಟನಾಶಕಗಳೂ ಬಂದ ಮೇಲೆ ಹಿಂಡನ್ನು ಬಯಲಿಗೆ ಬಿಡುವುದು ಮೊದಲಿನಷ್ಟು ಸುಲಭವಾಗಿ ಉಳಿಯಲಿಲ್ಲ. ಔಷಧಿ ಹೊಡೆದ ಗದ್ದೆಯ ಬಸವನಹುಳು ಬಾತಿಗೂ ವಿಷವೇ.

ಕೆಲವು ವರುಷ ಈ ಹಕ್ಕಿಯ ಮೇಲೆ ದುಡಿದ ಕ್ಯಾಂಬೆಲ್ ಗೃಹಿಣಿಯ ಹೆಸರು ತಳಿಯ ಮೇಲೆ ಶಾಶ್ವತವಾಗಿ ನಿಂತಿತು. ಅದು ಆಕೆಗೆ ಸಲ್ಲಬೇಕಾದ ಗೌರವವೇ. ಆದರೆ ತಲೆಮಾರುಗಟ್ಟಲೆ ಕೆಸರಿನಲ್ಲಿ ನಡೆದು, ಒಂದೊಂದೇ ಹಕ್ಕಿಯನ್ನು ಆಯ್ದು, ಅಡ್ಡನಾಗಿದ್ದದ್ದನ್ನು ನೆಟ್ಟಗೆ ಮಾಡಿದ ದ್ವೀಪಗಳ ಜನರ ಹೆಸರು ಎಲ್ಲಿಯೂ ಇಲ್ಲ. ಅವರ ನಾಡಿನ ಹೆಸರೂ ಇಲ್ಲ. ಆ ಜಾಗದಲ್ಲಿ ನಮ್ಮ ದೇಶದ ಹೆಸರು ಕುಳಿತಿದೆ. ನಾವು ಕೇಳಿ ಪಡೆದದ್ದಲ್ಲ, ನಿಜ. ಆದರೆ ಗೊತ್ತಾದ ಮೇಲೂ ಎದೆಯುಬ್ಬಿಸಿದರೆ ಅದು ಅಭಿಮಾನವಲ್ಲ, ಅಪಹರಣ. ಹಾಲನ್ನೂ ನೀರನ್ನೂ ಬೇರೆ ಮಾಡುವ ಹಂಸೆಯನ್ನು ತರಗತಿಯಲ್ಲಿ ಮೂರು ದಶಕಗಳಿಗೂ ಮೀರಿ ಕೊಂಡಾಡಿದವನು ನಾನು. ಬಾತುಕೋಳಿಯೊಂದರ ಹೆಸರಿನಲ್ಲಿ ಹಾಲೆಷ್ಟು ನೀರೆಷ್ಟು ಎಂದು ನೋಡುವಷ್ಟು ತಾಳ್ಮೆ ನನಗಿರಲಿಲ್ಲ.

ನನ್ನನ್ನು ಪ್ರಶ್ನಿಸಿದ ಹಿರಿಯರು ಈಗಿಲ್ಲ. ಅವರು ಕೇಳಿದ್ದು ಬಹಳ ಸರಿಯಾದ ಪ್ರಶ್ನೆ: ದೇಶವಿರಲಿ, ಊರು ಯಾವುದು? ಹಕ್ಕಿಯನ್ನು ನಿಜವಾಗಿ ಬಲ್ಲವರು ಇಂದಿಗೂ ಅದನ್ನು ಊರಿನ ಹೆಸರಿನಿಂದಲೇ ಕರೆಯುತ್ತಾರೆ. ಜಾವಾದ ಉತ್ತರ ಕರಾವಳಿಯಲ್ಲಿ ತೆಗಾಲ್ ಎಂಬ ಊರಿದೆ, ಪೂರ್ವ ಜಾವಾದಲ್ಲಿ ಮೊಜೊಸಾರಿ ಎಂಬುದಿದೆ. ಅಲ್ಲಿಯವರಿಗೆ ಅದು ತೆಗಾಲ್ ಬಾತು, ಮೊಜೊಸಾರಿ ಬಾತು. ಅವರ ಮಾತಿನಲ್ಲಿ ಇಂಡಿಯಾ ಬರುವುದಿಲ್ಲ. ಉತ್ತರ ದೊರೆತಾಗ ಹೇಳಬೇಕಾದವರು ಇರಲಿಲ್ಲವೆಂಬ ಕೊರತೆ ನನ್ನಲ್ಲಿ ಉಳಿದಿದೆ.

ಆ ವಾರ್ಷಿಕ ಸಂಚಿಕೆಯ ನನ್ನ ಪ್ರತಿಯಲ್ಲಿ ಬಾತುಕೋಳಿಯ ಸಾಲನ್ನು ಹೊಡೆದುಹಾಕಿ ಅಂಚಿನಲ್ಲಿ ‘ಲೊಂಬೊಕ್, ಜಾವಾ’ ಎಂದು ಬರೆದಿಟ್ಟಿದ್ದೇನೆ. ಉಳಿದ ಪ್ರತಿಗಳು ಯಾರಾರ ಮನೆಯ ಅಟ್ಟದಲ್ಲಿವೆಯೋ ತಿಳಿಯದು. ಹಿಂದೆ ಪುಸ್ತಕದ ಕೊನೆಗೆ ಒಪ್ಪೋಲೆ ಅಂಟಿಸುವ ವಾಡಿಕೆಯಿತ್ತು. ಈ ಭಾಷಣವನ್ನು ಆ ಸಾಲಿನ ಒಪ್ಪೋಲೆಯೆಂದು ಭಾವಿಸಬೇಕಾಗಿ ಅಂದು ನನಗೆ ಚಪ್ಪಾಳೆ ತಟ್ಟಿದವರಲ್ಲಿ ಕೇಳಿಕೊಳ್ಳುತ್ತೇನೆ.